ಪೈಲಟ್ ಆಗಲು ಹೋದರೆ ಮಿಲ್ ಯಾಕೆ ಮುಚ್ಚಿತು ಅಂತ ಕೇಳಿದರು

ದಾವಣಗೆರೆಯಲ್ಲಿ ಪಿಡಿಒ, ಎಫ್‌ಡಿಎ, ಬ್ಯಾಂಕ್ ಪರೀಕ್ಷೆ ಅಂದರೆ ಸಲಹೆ ಕೊಡುವವರು ಬೀದಿಗೊಬ್ಬರು ಸಿಗುತ್ತಾರೆ. ವಾಯುಪಡೆಯಲ್ಲಿ ಪೈಲಟ್ ಆಗಬೇಕು ಅಂದರೆ ಮಾತ್ರ ಎಲ್ಲರದ್ದೂ ಒಂದೇ ಪ್ರಶ್ನೆ: "ಅದಕ್ಕೆ ಲಕ್ಷಗಟ್ಟಲೆ ದುಡ್ಡು ಸುರೀಬೇಕಲ್ವಾ?" ಬೇಡ. ದುಡ್ಡು ಸುರಿಯಬೇಕಾದ್ದು ಏರ್‌ಲೈನ್ಸ್ ಪೈಲಟ್ ಆಗೋಕೆ. ವಾಯುಪಡೆ ತಾನೇ ಕಲಿಸುತ್ತದೆ. ಕೊನೆಯ ವರ್ಷದ ತರಬೇತಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಕೂಡ ಕೊಡುತ್ತದೆ. ನಾನು ವಾಯುಪಡೆಯ ಲಿಖಿತ ಪರೀಕ್ಷೆ ಎಎಫ್‌ಕ್ಯಾಟ್ ಬರೆದು, ಮೈಸೂರಿನಲ್ಲಿ ಎಎಫ್‌ಎಸ್‌ಬಿ ಅನ್ನೋ ಆಯ್ಕೆ ಮಂಡಳಿಯ ಪರೀಕ್ಷೆ ಮುಗಿಸಿ, ಬೆಂಗಳೂರಿನ ಮೆಡಿಕಲ್ ಕೂಡ ದಾಟಿ ಬಂದವಳು. ಆಮೇಲೆ ಏನಾಯಿತು ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಮೊದಲು ದಾರಿ ಹೇಗಿದೆ ಅಂತ ನೋಡಿ.

ಡಿಗ್ರಿ ಮುಗಿಸಿದವರಿಗೆ ಎಎಫ್‌ಕ್ಯಾಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಫ್ಲೈಯಿಂಗ್ ಬ್ರಾಂಚಿಗೆ ವಯಸ್ಸು 20ರಿಂದ 24. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದವರಿಗೆ 26ರವರೆಗೆ. ಡಿಗ್ರಿ ಯಾವುದಾದರೂ ನಡೆಯುತ್ತದೆ, 60 ಪರ್ಸೆಂಟ್ ಇರಬೇಕು. ಆದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಎರಡೂ ಓದಿರಲೇಬೇಕು. ನಮ್ಮ ಕಡೆ ಎಷ್ಟೋ ಮಕ್ಕಳು ಪಿಯುಸಿಗೆ ಕಾಮರ್ಸ್ ಸೇರಿಬಿಟ್ಟು ಆಮೇಲೆ ವಿಚಾರಿಸೋಕೆ ಬರುತ್ತಾರೆ. ಆಗ ಹೇಳೋಕೆ ನನಗೇ ಸಂಕಟ.

ಹೆಣ್ಣುಮಕ್ಕಳಿಗೂ ಇದೇ ದಾರಿ. ಹೆಲಿಕಾಪ್ಟರ್ ಮತ್ತು ಸಾಗಣೆ ವಿಮಾನಗಳಿಗೆ 1990ರ ದಶಕದಿಂದಲೇ ತಗೊಳ್ಳುತ್ತಿದ್ದರು. ಯುದ್ಧ ವಿಮಾನಕ್ಕೆ ಮೊದಲ ಮೂವರು ಬಂದದ್ದು 2016ರ ಜೂನ್ 18ರಂದು, ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್. ಆಗ ನಾನು ಎಸ್‌ಎಸ್‌ಎಲ್‌ಸಿ. ಕನ್ನಡ ಮೀಡಿಯಂ. ಮೂವರ ಫೋಟೊ ಪೇಪರಿನ ಮುಖಪುಟದಲ್ಲಿ ಬಂದಿತ್ತು. ಅಪ್ಪಾಜಿ ಅದನ್ನು ಮಡಚಿ ನನ್ನ ಪುಸ್ತಕದ ಮೇಲೆ ಇಟ್ಟು ಏನೂ ಹೇಳದೆ ಕೆಲಸಕ್ಕೆ ಹೋಗಿದ್ದರು.

ನಮ್ಮ ಬೀದಿಯಲ್ಲಿ ವಾಯುಪಡೆಯಿಂದ ಸಾರ್ಜೆಂಟ್ ಆಗಿ ನಿವೃತ್ತರಾದ ಒಬ್ಬರಿದ್ದಾರೆ. ಎಲ್ಲರ ಬಾಯಲ್ಲೂ ಅವರು ಮಿಲಿಟರಿ ಮಾಮ. ಎಂಜಿನ್ ರಿಪೇರಿ ಕೆಲಸದಲ್ಲಿ ಇದ್ದವರು. ಎಎನ್-32 ವಿಮಾನದ ಸದ್ದು ಕೇಳಿಯೇ ಏನು ಕೆಟ್ಟಿದೆ ಅಂತ ಹೇಳಬಲ್ಲೆ ಅನ್ನುತ್ತಾರೆ. ನಂಬೋದು ಬಿಡೋದು ಕೇಳುವವರಿಗೆ ಬಿಟ್ಟಿದ್ದು. ನಾನು ಬಿಇ ಕೊನೆಯ ವರ್ಷದಲ್ಲಿ ಅವರ ಮನೆಗೆ ಹೋದಾಗ ಕೈಯಲ್ಲಿ ವಿಮಾನದ ರೆಕ್ಕೆ, ಎಂಜಿನ್, ಗಾಳಿಯ ಒತ್ತಡ ಅಂತ ಬರೆದಿಟ್ಟ ದಪ್ಪ ನೋಟ್ಸ್ ಇತ್ತು. ಅದನ್ನು ತಿರುವಿ ನೋಡಿ ಪಕ್ಕಕ್ಕಿಟ್ಟರು.

"ವಿಮಾನ ಓಡಿಸೋದನ್ನ ಅವರೇ ಕಲಿಸ್ತಾರೆ ಕಣವ್ವಾ. ನಿನ್ನನ್ನ ಕರೆಯೋದು ನೀನು ಎಂಥೋಳು ಅಂತ ನೋಡೋಕೆ. ದಿನಾ ಪೇಪರ್ ಓದು. ನಿಮ್ಮೂರಿನ ಬಗ್ಗೆ ತಿಳ್ಕೋ. ಆಮೇಲೆ ವಾಯುಪಡೆ ಮುಖ್ಯಸ್ಥರಾಗಿ ನಿವೃತ್ತಿ ಆದವರು ಮುಂದೆ ಏನೇನು ಮಾಡಿದರು ಅಂತ ಒಂದು ಪಟ್ಟಿ ಮಾಡ್ಕೊಂಡು ಬಾ."

ಪಟ್ಟಿ ಯಾಕೆ ಅಂತ ಆಗ ಅರ್ಥ ಆಗಿರಲಿಲ್ಲ. ಬರೆಯೋಕೆ ಕೂತ ಮೇಲೆ ಬಿಡೋಕೆ ಆಗಲಿಲ್ಲ.

ಅರ್ಜನ್ ಸಿಂಗ್ ಅಂದರೆ ನನಗೆ 1965ರ ಯುದ್ಧ ಅಷ್ಟೇ ಗೊತ್ತಿತ್ತು. ಜಮ್ಮು ಗಡಿಯ ಛಂಬ್ ಕಡೆ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದಾಗ ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಅವರು ವಿಮಾನ ಕಳಿಸೋಕೆ ಎಷ್ಟು ಹೊತ್ತು ಬೇಕು ಅಂತ ಕೇಳಿದ್ದು, ಇವರು ಒಂದು ಗಂಟೆ ಅಂದದ್ದು, ಆ ಗಂಟೆಯೊಳಗೇ ವಿಮಾನಗಳು ಮೇಲೆದ್ದದ್ದು ಎಲ್ಲ ಕಡೆ ಸಿಗುತ್ತದೆ. ಅದರ ಹಿಂದೆ ಇನ್ನೊಂದಿಷ್ಟು ಇದೆ. 1944ರಲ್ಲಿ ಬರ್ಮಾ ಗಡಿಯಲ್ಲಿ 1ನೇ ಸ್ಕ್ವಾಡ್ರನ್ ನಡೆಸಿ ಡಿಎಫ್‌ಸಿ ಅನ್ನೋ ಬ್ರಿಟಿಷ್ ಶೌರ್ಯ ಪದಕ ಪಡೆದವರು. 1947ರ ಆಗಸ್ಟ್ 15ರಂದು ದೆಹಲಿಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳ ಹಾರಾಟ ನಡೆಸಿಕೊಟ್ಟವರು. 1964ರಲ್ಲಿ ಮುಖ್ಯಸ್ಥರಾದಾಗ ವಯಸ್ಸು 45. 1969ರಲ್ಲಿ ನಿವೃತ್ತರಾದಾಗ 50. ನಮ್ಮ ಕಡೆ ಆ ವಯಸ್ಸಿಗೆ ಇನ್ನೊಂದು ಪ್ರಮೋಷನ್ ಸಿಗುತ್ತಾ ಅಂತ ಕಾಯುತ್ತಿರುತ್ತಾರೆ.

ಅಲ್ಲಿಂದ ಇನ್ನೊಂದು ಬದುಕು. 1971ರಲ್ಲಿ ಸ್ವಿಟ್ಜರ್ಲೆಂಡಿಗೆ ಭಾರತದ ರಾಯಭಾರಿ, ಜೊತೆಗೆ ವ್ಯಾಟಿಕನ್ ಹೊಣೆ ಕೂಡ. 1974ರಲ್ಲಿ ಕೀನ್ಯಾಕ್ಕೆ ಹೈಕಮಿಷನರ್. ಆಮೇಲೆ ಅಲ್ಪಸಂಖ್ಯಾತರ ಆಯೋಗದ ಸದಸ್ಯ. 1989ರ ಕೊನೆಯಿಂದ ಒಂದು ವರ್ಷ ದೆಹಲಿಯ ಲೆಫ್ಟಿನೆಂಟ್ ಗವರ್ನರ್. 2002ರಲ್ಲಿ ಮಾರ್ಷಲ್ ಆಫ್ ದಿ ಏರ್ ಫೋರ್ಸ್ ಪದವಿ. ವಾಯುಪಡೆಯಲ್ಲಿ ಆ ಐದು ನಕ್ಷತ್ರದ ಪದವಿ ಅವರೊಬ್ಬರಿಗೇ ಸಿಕ್ಕಿರುವುದು.

ಅವರೊಬ್ಬರೇ ಇರಬಹುದು ಅಂದುಕೊಂಡರೆ ಪಟ್ಟಿ ಬೆಳೆಯುತ್ತಾ ಹೋಯಿತು. ಅವರಿಗಿಂತ ಹಿಂದಿನವರು ಆಸ್ಪಿ ಎಂಜಿನಿಯರ್. 1930ರಲ್ಲಿ 17ನೇ ವಯಸ್ಸಿಗೇ ಇಂಗ್ಲೆಂಡಿನಿಂದ ಭಾರತಕ್ಕೆ ಒಬ್ಬರೇ ವಿಮಾನ ಹಾರಿಸಿಕೊಂಡು ಬಂದು ಆಗಾ ಖಾನ್ ಬಹುಮಾನ ಗೆದ್ದ ಹುಡುಗ. ಸ್ಪರ್ಧೆಯಲ್ಲಿ ಎದುರು ದಿಕ್ಕಿನಿಂದ ಹೊರಟಿದ್ದ ಜೆ.ಆರ್.ಡಿ. ಟಾಟಾ ಈಜಿಪ್ಟಿನಲ್ಲಿ ಇವರಿಗೆ ಸ್ಪಾರ್ಕ್ ಪ್ಲಗ್ ಕೊಟ್ಟು ಉಪಕಾರ ಮಾಡಿದರು, ಗೆದ್ದವರು ಇವರು. 1964ರಲ್ಲಿ ನಿವೃತ್ತರಾದ ಮೇಲೆ ಇರಾನಿಗೆ ರಾಯಭಾರಿ. ಪಿ.ಸಿ. ಲಾಲ್ ನಮ್ಮ ಬೆಂಗಳೂರಿನ ಎಚ್‌ಎಎಲ್ ನಡೆಸಿ, 1969ರಲ್ಲಿ ವಾಯುಪಡೆ ಮುಖ್ಯಸ್ಥರಾಗಿ, 1971ರ ಯುದ್ಧ ಮುಗಿಸಿ, ಆಮೇಲೆ ಇಂಡಿಯನ್ ಏರ್‌ಲೈನ್ಸ್ ಅಧ್ಯಕ್ಷರಾದರು. ಹೈದರಾಬಾದಿನ ಇದ್ರಿಸ್ ಹಸನ್ ಲತೀಫ್ ಇನ್ನೂ ಕೆಲಸದಲ್ಲಿ ಇದ್ದಾಗಲೇ ಅಮೆರಿಕದ ನಮ್ಮ ರಾಯಭಾರ ಕಚೇರಿಯಲ್ಲಿ ಏರ್ ಅಟಾಶೆ, ಅಂದರೆ ವಾಯುಪಡೆಯ ಪ್ರತಿನಿಧಿ ಆಗಿದ್ದವರು. 1978ರಿಂದ 1981ರವರೆಗೆ ಮುಖ್ಯಸ್ಥರು, ಆಮೇಲೆ ಮಹಾರಾಷ್ಟ್ರದ ರಾಜ್ಯಪಾಲರು, ಅದಾದ ಮೇಲೆ ಫ್ರಾನ್ಸಿಗೆ ರಾಯಭಾರಿ.

ನಿವೃತ್ತರಿಗೆ ಮರ್ಯಾದೆಗೆ ಕೊಡುವ ಹುದ್ದೆಗಳು ಇವು ಅಂತ ಮೂಗು ಮುರಿಯುವವರೂ ಇದ್ದಾರೆ. ಕೆಲವು ಹಾಗೇ ಇರಬಹುದು. ಆದರೆ ಲತೀಫರ ಏರ್ ಅಟಾಶೆ ಕೆಲಸ ಹಾಗಲ್ಲ. ಇಂಥ ಹುದ್ದೆಗೆ ಈಗಲೂ ಸೇವೆಯಲ್ಲಿರುವ ಅಧಿಕಾರಿಗಳನ್ನೇ ಕಳಿಸುತ್ತಾರೆ. ಅಲ್ಲಿ ವಿಮಾನ ಗೊತ್ತಿರಬೇಕು, ಊಟದ ಮೇಜಿನಲ್ಲಿ ಎದುರು ಕೂತವರ ಜೊತೆ ಅಳೆದು ತೂಗಿ ಮಾತಾಡೋಕೂ ಗೊತ್ತಿರಬೇಕು. ಪೈಲಟ್ ಅಂದರೆ ಜೀವನಪೂರ್ತಿ ಕಾಕ್‌ಪಿಟ್ ಅಂದುಕೊಂಡಿದ್ದ ನನಗೆ ಈ ಪಟ್ಟಿ ಬೇರೆಯೇ ಲೆಕ್ಕ ತೋರಿಸಿತು.

ಎಎಫ್‌ಕ್ಯಾಟ್ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಕಂಪ್ಯೂಟರ್ ಮುಂದೆ ಎರಡು ಗಂಟೆ, 100 ಪ್ರಶ್ನೆ, 300 ಅಂಕ. ಸರಿ ಉತ್ತರಕ್ಕೆ ಮೂರು, ತಪ್ಪಾದರೆ ಒಂದು ಕಟ್. ಇಂಗ್ಲಿಷ್, ಸಾಮಾನ್ಯ ಜ್ಞಾನ, ಲೆಕ್ಕ, ರೀಸನಿಂಗ್. ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಇದು ಕಷ್ಟ ಅಲ್ಲ. ಎಎಫ್‌ಎಸ್‌ಬಿ ಸ್ಥಳ ಆರಿಸುವಾಗ ನಾನು ಮೈಸೂರು ಒತ್ತಿದೆ. ಡೆಹ್ರಾಡೂನ್, ವಾರಾಣಸಿ, ಗಾಂಧಿನಗರ ಎಲ್ಲ ಇದ್ದವು. ರಾತ್ರಿ ರೈಲಿನಲ್ಲಿ ಮಲಗಿ ಬೆಳಗ್ಗೆ ಏಳುವ ಊರು ಮೈಸೂರು ಒಂದೇ.

ಹೋಗುವ ಮೊದಲು ಬೆಂಗಳೂರಿನ ಒಂದು ಕೋಚಿಂಗ್ ಸೆಂಟರಿಗೆ ಫೀಸು ಕಟ್ಟಿ ಸೇರಿದ್ದೆ. ಅಲ್ಲಿ ಕಥೆಗಳನ್ನು ಉರು ಹೊಡೆಸುತ್ತಿದ್ದರು. ಯಾವ ಚಿತ್ರ ತೋರಿಸಿದರೂ ಹೀರೋ ಊರಿಗೆ ಹೋಗಿ, ಜನರನ್ನು ಸೇರಿಸಿ, ಪ್ರವಾಹದಿಂದ ಎಲ್ಲರನ್ನೂ ಕಾಪಾಡಬೇಕು. ನಗುವುದು, ಕೂರುವುದು, ಕೈ ಎಲ್ಲಿ ಇಡುವುದು, ಎಲ್ಲಕ್ಕೂ ಪಾಠ. ನನಗೆ ಉಪಯೋಗ ಆಗಿದ್ದು ಒಂದೇ: ಕೈಗಡಿಯಾರ ನೋಡಿಕೊಂಡು ಬರೆಯುವ ಅಭ್ಯಾಸ. ಉಳಿದದ್ದಕ್ಕೆ ಆ ದುಡ್ಡಿನಲ್ಲಿ ಒಳ್ಳೆ ಶೂ ತಗೊಂಡು ಕುಂದವಾಡ ಕೆರೆ ದಂಡೆ ಮೇಲೆ ಓಡಿದ್ದರೆ ಸಾಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಮನೆಯಲ್ಲಿ ಇನ್ನೊಂದು ತಯಾರಿ ನಡೆದಿತ್ತು. ಫ್ಲೈಯಿಂಗ್ ಬ್ರಾಂಚಿಗೆ ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಇರಬೇಕು. ಅದು ಎಲ್ಲರಿಗೂ ಗೊತ್ತು. ಕಾಲಿನ ಉದ್ದ 99ರಿಂದ 120, ಕೂತಾಗಿನ ಎತ್ತರ 81.5ರಿಂದ 96, ತೊಡೆಯ ಉದ್ದ 64ಕ್ಕಿಂತ ಜಾಸ್ತಿ ಇರಬಾರದು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಾಕ್‌ಪಿಟ್ ಅಳತೆಗೆ ಮನುಷ್ಯ ಹೊಂದಬೇಕು. ಕಾಲು ಪೆಡಲ್ ಮುಟ್ಟಬೇಕು, ತಲೆ ಮೇಲೆ ಬಡಿಯಬಾರದು, ತುರ್ತಿನಲ್ಲಿ ಸೀಟು ಸಮೇತ ಹೊರಗೆ ಹಾರಿದರೆ ಮಂಡಿ ಎದುರಿನ ಫಲಕಕ್ಕೆ ತಾಗಬಾರದು. ಅಮ್ಮ ಬ್ಲೌಸ್ ಹೊಲಿಯುವವಳು. ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಹೊಲಿಗೆ ಮಷಿನ್ನಿನ ಟೇಪಿನಿಂದ ಸೊಂಟದಿಂದ ಮಂಡಿಗೆ, ಮಂಡಿಯಿಂದ ಹಿಮ್ಮಡಿಗೆ ಅಳೆದು, ಲೆಕ್ಕ ಪುಸ್ತಕದ ಹಿಂದೆ ಬರೆದಳು. "ಗಂಡು ನೋಡೋಕೆ ಬಂದೋರೂ ಇಷ್ಟು ಅಳೆಯಲ್ಲ ಬಿಡವ್ವಾ" ಅಂತ ಪಕ್ಕದ ಮನೆ ಅತ್ತೆ ನಕ್ಕರು.

ಮೈಸೂರಿನಲ್ಲಿ ಮೊದಲ ಕೆಲಸ ಕಾಗದ ಪತ್ರ. ನಮ್ಮ ಕಡೆಯವರಿಗೆ ಇಲ್ಲೇ ಮೊದಲ ತೊಡಕು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಎಲ್ಲ ಒಂದೇ ಹೆಸರು ಅಂತ ಅಫಿಡವಿಟ್ ಮಾಡಿಸಿಕೊಂಡು ಹೋಗಿದ್ದೆ, ಉಸಿರಾಡುವಂತಾಯಿತು. ಪಕ್ಕದ ಸಾಲಿನಲ್ಲಿ ಒಬ್ಬ ಹುಡುಗ ಊರಿಗೆ ಫೋನ್ ಮಾಡಿ ಅಣ್ಣನಿಗೆ ಬೀರು ಹುಡುಕಿಸುತ್ತಿದ್ದ.

ಆಮೇಲೆ ಎಲ್ಲರಿಗೂ ಚೆಸ್ಟ್ ನಂಬರ್. ಅಲ್ಲಿಂದ ಮುಂದೆ ಹೆಸರು ಇಲ್ಲ, ನಂಬರ್ ಅಷ್ಟೇ. ಮೊದಲ ದಿನವೇ ಸ್ಕ್ರೀನಿಂಗ್. ರೀಸನಿಂಗ್ ಪರೀಕ್ಷೆ ಆದ ಮೇಲೆ ಪರದೆ ಮೇಲೆ ಮಸುಕಾದ ಒಂದು ಚಿತ್ರ 30 ಸೆಕೆಂಡ್ ತೋರಿಸುತ್ತಾರೆ. ಅದರಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಕಥೆ ಬರೆಯಬೇಕು. ನಂತರ ಗುಂಪಿನಲ್ಲಿ ಕೂತು ಎಲ್ಲರೂ ತಮ್ಮ ಕಥೆ ಹೇಳಿ, ಚರ್ಚೆ ಮಾಡಿ, ಒಂದು ಕಥೆಗೆ ಬರಬೇಕು. ನಮ್ಮ ಗುಂಪಿನಲ್ಲಿ ಶುರುವಾದ ತಕ್ಷಣ ಮೀನಿನ ಮಾರ್ಕೆಟ್. ಎಲ್ಲರೂ ಒಟ್ಟಿಗೆ ಕೂಗು. ಅರ್ಧಕ್ಕರ್ಧ ಕಥೆಗಳಲ್ಲಿ ಪ್ರವಾಹ ಬಂದಿತ್ತು! ಎಲ್ಲರೂ ಒಂದೇ ಥರದ ಕೋಚಿಂಗಿನಿಂದ ಬಂದವರು ಅಂತ ಕಾಣುತ್ತದೆ.

ನನ್ನ ಇಂಗ್ಲಿಷ್ ಅಷ್ಟು ಚುರುಕಲ್ಲ. ಕೂಗಿ ಗೆಲ್ಲೋಕೆ ಆಗಲ್ಲ ಅಂತ ಗೊತ್ತಿತ್ತು. ಒಬ್ಬಳು ಒರಿಸ್ಸಾ ಕಡೆ ಹುಡುಗಿ ಮೆಲ್ಲಗೆ ಒಳ್ಳೆಯ ಮಾತು ಹೇಳುತ್ತಿದ್ದಳು, ಯಾರಿಗೂ ಕೇಳಿಸುತ್ತಿರಲಿಲ್ಲ. ಒಂದು ಕ್ಷಣ ಎಲ್ಲರೂ ಉಸಿರು ತಗೊಂಡಾಗ ಅವಳ ನಂಬರ್ ಹೇಳಿ, "ಅವರು ಹೇಳಿದ್ದು ಚಿತ್ರಕ್ಕೆ ಹತ್ತಿರ ಇದೆ, ಚಿತ್ರದಲ್ಲಿ ಇಬ್ಬರೇ ಇರೋದು, ನೀರು ಎಲ್ಲೂ ಇಲ್ಲ" ಅಂದೆ. ನಾನು ಆ ಚರ್ಚೆಯಲ್ಲಿ ಮಾತಾಡಿದ್ದು ಹೆಚ್ಚುಕಡಿಮೆ ಅಷ್ಟೇ. ಸಂಜೆ ಉಳಿದವರ ಪಟ್ಟಿಯಲ್ಲಿ ಅವಳದ್ದೂ ಇತ್ತು, ನನ್ನದೂ ಇತ್ತು. ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ ಎಷ್ಟೋ ಜನ ಅವತ್ತೇ ಬ್ಯಾಗ್ ಎತ್ತಿಕೊಂಡರು. ಕನ್ನಡ ಮೀಡಿಯಂ ಅಂತ ಹಿಂಜರಿಯುವವರಿಗೆ ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ವ್ಯಾಕರಣ ತಪ್ಪಿದರೆ ನಡೆಯುತ್ತದೆ. ತಡವರಿಸದೆ ಅರ್ಥ ಆಗುವ ಹಾಗೆ ಹೇಳಬೇಕು, ಇನ್ನೊಬ್ಬರು ಹೇಳಿದ್ದು ಕಿವಿಗೆ ಬೀಳಬೇಕು.

ಒಳಗೆ ಉಳಿದವರನ್ನು ಮೂರು ಕಡೆಯಿಂದ ನೋಡುತ್ತಾರೆ. ಮನಃಶಾಸ್ತ್ರಜ್ಞರು ನಿಮ್ಮ ಬರಹ ನೋಡುತ್ತಾರೆ, ಇಂಟರ್‌ವ್ಯೂ ಅಧಿಕಾರಿ ಮಾತು ಕೇಳುತ್ತಾರೆ, ಗುಂಪು ಪರೀಕ್ಷೆ ನಡೆಸುವ ಅಧಿಕಾರಿ ಜಿಟಿಒ ಮೈದಾನದಲ್ಲಿ ಕೆಲಸ ನೋಡುತ್ತಾರೆ. ಮನಸಾ, ವಾಚಾ, ಕರ್ಮಣಾ ಅಂತ ಅಲ್ಲಿ ಹೇಳುವ ವಾಡಿಕೆ. ಮೂವರೂ ಬೇರೆ ಬೇರೆಯಾಗಿ ಅಂಕ ಹಾಕಿ, ಕೊನೆಯ ದಿನ ಕಾನ್ಫರೆನ್ಸಿನಲ್ಲಿ ಕೂಡುತ್ತಾರೆ. ಹೀಗಾಗಿ ಒಂದು ಕಡೆ ಒಂದು ಮುಖ, ಇನ್ನೊಂದು ಕಡೆ ಇನ್ನೊಂದು ಮುಖ ತೋರಿಸಿದರೆ ಸಿಕ್ಕಿಬೀಳುತ್ತಾರೆ.

ಬರಹದ ದಿನ ಕೈ ನೋವು ಬರುವಷ್ಟು ಬರೆಸುತ್ತಾರೆ. 12 ಚಿತ್ರಗಳಿಗೆ ಕಥೆ, ಕೊನೆಯದು ಖಾಲಿ ಹಾಳೆ. 60 ಪದಗಳು, ಒಂದೊಂದಕ್ಕೆ 15 ಸೆಕೆಂಡ್. 60 ಸನ್ನಿವೇಶಗಳಿಗೆ ಅರ್ಧ ಗಂಟೆ. ಆಮೇಲೆ ಅಪ್ಪ ಅಮ್ಮ, ಗೆಳೆಯರು, ಮೇಷ್ಟ್ರು ನಿಮ್ಮ ಬಗ್ಗೆ ಏನು ಅಂದುಕೊಂಡಿದ್ದಾರೆ ಅಂತ ಬರೆಯಬೇಕು. ಯೋಚಿಸಿ ಸುಳ್ಳು ಕಟ್ಟೋಕೆ ಸಮಯವೇ ಇರೋದಿಲ್ಲ. ಅದಕ್ಕೇ ಆ ಗಡಿಬಿಡಿ.

ಮೈದಾನದ ದಿನಗಳು ನನಗೆ ಇಷ್ಟ. ಹಲಗೆ, ಮರದ ತೊಲೆ, ಹಗ್ಗ ಕೊಟ್ಟು ಇಡೀ ಗುಂಪು ಕಂಬಗಳ ಮೇಲೆ ದಾಟಿಕೊಂಡು ಆ ಕಡೆ ಹೋಗಬೇಕು. ನೆಲ ಮುಟ್ಟಬಾರದು, ಕೆಂಪು ಬಣ್ಣ ಬಳಿದದ್ದನ್ನು ಮುಟ್ಟಬಾರದು, ನಾಲ್ಕು ಅಡಿಗಿಂತ ಜಾಸ್ತಿ ಅಂತರ ಇದ್ದರೆ ಜಿಗಿಯಬಾರದು. ಎಲ್ಲರಿಗೂ ಮುಂದಾಳು ಆಗುವ ಆಸೆ, ಹಿಂದಿನ ಹಲಗೆ ಬಿಚ್ಚಿಕೊಂಡು ಬರುವವರು ಯಾರೂ ಇಲ್ಲ. ನಾನೂ ಆ ಒರಿಸ್ಸಾ ಹುಡುಗಿಯೂ ಹಿಂದೆ ಉಳಿದು, ತೊಲೆಯ ಗಂಟು ಬಿಚ್ಚಿ, ಮುಂದಕ್ಕೆ ದಾಟಿಸುತ್ತಾ ಬಂದೆವು. ತೊಲೆ ಭಾರ ಇತ್ತು. ಅಂಗೈ ಸುಲಿಯಿತು. ಜಿಟಿಒ ದೂರದಲ್ಲಿ ಕೈಕಟ್ಟಿ ನಿಂತಿದ್ದರು, ಮುಖದಲ್ಲಿ ಏನೂ ಇಲ್ಲ.

ಮೈದಾನದ್ದೇ ಭಾಗವಾಗಿ ಲೆಕ್ಚರೆಟ್ ಅಂತ ಒಂದಿದೆ. ಚೀಟಿಯಲ್ಲಿ ನಾಲ್ಕು ವಿಷಯ. ಒಂದು ಆರಿಸಿ, ಮೂರು ನಿಮಿಷ ಯೋಚಿಸಿ, ಮೂರು ನಿಮಿಷ ಗುಂಪಿನ ಮುಂದೆ ಮಾತಾಡಬೇಕು. ನನ್ನ ಚೀಟಿಯಲ್ಲಿ ಭಾರತ ಮತ್ತು ಆಗ್ನೇಯ ಏಷ್ಯಾ ಅಂತ ಇತ್ತು. ಅದು ಕಷ್ಟದ್ದು ಅಂತ ಬೇರೆಯದು ಆರಿಸುವವಳಿದ್ದೆ, ಆಗ ಬಿಜು ಪಟ್ನಾಯಕ್ ನೆನಪಾದರು. ಮಾಮನ ಪಟ್ಟಿ ಮಾಡುವಾಗ ಸಿಕ್ಕ ಹೆಸರು. ವಾಯುಪಡೆ ಮುಖ್ಯಸ್ಥರಲ್ಲ, ಆದರೂ ಬರೆದಿಟ್ಟುಕೊಂಡಿದ್ದೆ.

ಎರಡನೆಯ ಮಹಾಯುದ್ಧದಲ್ಲಿ ಆಗಿನ ವಾಯುಪಡೆಗೆ ವಿಮಾನ ಹಾರಿಸಿದವರು, ಆಮೇಲೆ ಕಳಿಂಗ ಏರ್‌ಲೈನ್ಸ್ ಕಟ್ಟಿದವರು. 1947ರ ಜುಲೈನಲ್ಲಿ ಡಚ್ಚರು ಇಂಡೋನೇಷ್ಯಾದ ಮೇಲೆ ಮತ್ತೆ ದಾಳಿ ಮಾಡಿದಾಗ, ಸ್ವಲ್ಪ ದಿನದ ಹಿಂದಷ್ಟೇ ಅಲ್ಲಿನ ಪ್ರಧಾನಿ ಹುದ್ದೆ ಬಿಟ್ಟಿದ್ದ ಸುತಾನ್ ಶಹರೀರ್ ಅವರನ್ನು ಹೊರಗೆ ತರಬೇಕಿತ್ತು. ಅವರ ಮಾತನ್ನು ಜಗತ್ತಿಗೆ ಕೇಳಿಸಬೇಕಿತ್ತು. ನೆಹರೂ ಕೇಳಿದರು, ಬಿಜು ತಮ್ಮ ಹೆಂಡತಿ ಜ್ಞಾನ್ ಅವರನ್ನೂ ಕರೆದುಕೊಂಡು ಡಕೋಟಾ ವಿಮಾನ ಹಾರಿಸಿಕೊಂಡು ಜಾವಾಕ್ಕೆ ಹೋದರು. ಶಹರೀರರನ್ನು ಸಿಂಗಾಪುರದ ಮೂಲಕ ದೆಹಲಿಗೆ ತಂದರು. ನಮಗೇ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ! ಇಂಡೋನೇಷ್ಯಾ ಅವರಿಗೆ ಗೌರವ ಪೌರತ್ವ ಕೊಟ್ಟಿತು. 1950ರ ನಮ್ಮ ಮೊದಲ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದವರು ಇಂಡೋನೇಷ್ಯಾದ ಅಧ್ಯಕ್ಷ ಸುಕರ್ಣೋ. ಬಿಜು ಮುಂದೆ ಒರಿಸ್ಸಾದ ಮುಖ್ಯಮಂತ್ರಿ ಆದರು. ನನಗೆ ಮೂರು ನಿಮಿಷ ಸಾಲಲಿಲ್ಲ. ಕೆಳಗೆ ಕೂತಿದ್ದ ಒರಿಸ್ಸಾ ಹುಡುಗಿಯ ಮುಖ ನೋಡಬೇಕಿತ್ತು. ಅವಳಿಗೆ ಗೊತ್ತಿದ್ದ ಕಥೆ, ದಾವಣಗೆರೆಯವಳ ಬಾಯಲ್ಲಿ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಇಂಟರ್‌ವ್ಯೂ ಬಗ್ಗೆ ಜನ ಹೆದರಿಸುತ್ತಾರೆ. ನನ್ನದು ಹರಟೆ ಥರ ಶುರುವಾಯಿತು. ಮುಂದೆ ನಾನು ಮೊದಲೇ ತುಂಬಿಕೊಟ್ಟ ಫಾರ್ಮ್ ಇತ್ತು. ಊರು, ಅಪ್ಪ ಅಮ್ಮನ ಓದು, ಆದಾಯ, ಆಟ, ಹವ್ಯಾಸ. ದಾವಣಗೆರೆ ಯಾವುದಕ್ಕೆ ಹೆಸರು ಅಂತ ಕೇಳಿದರು. ಬೆಣ್ಣೆ ದೋಸೆ ಅಂದೆ, ಮಂಡಕ್ಕಿ ಅಂದೆ, ಹಿಂದೆ ಹತ್ತಿ ಮಿಲ್‌ಗಳಿದ್ದವು, ನಮ್ಮ ತಾತ ಮಿಲ್ ಕೆಲಸಗಾರ ಅಂದೆ. ದೋಸೆ ಬಿಟ್ಟು ಮಿಲ್ ಹಿಡಿದುಕೊಂಡರು. ಯಾಕೆ ಮುಚ್ಚಿದವು? ತಾತ ಹೇಳುತ್ತಿದ್ದದ್ದನ್ನೇ ಹೇಳಿದೆ. ಮಷಿನ್‌ಗಳು ಹಳೆಯವು, ಹೊಸದಕ್ಕೆ ಯಾರೂ ದುಡ್ಡು ಹಾಕಲಿಲ್ಲ, ಪವರ್‌ಲೂಮ್ ಬಟ್ಟೆ ಅಗ್ಗ, ಮಾಲೀಕರಿಗೂ ಕಾರ್ಮಿಕರಿಗೂ ಮಾತು ನಿಂತುಹೋಯಿತು. "ನಿಮ್ಮ ತಾತ ಯಾರ ಕಡೆ?" ಅಂದರು. "ತಾತ ಯೂನಿಯನ್ ಕಡೆ ಸರ್. ಆದರೆ ಮಿಲ್ ಮುಚ್ಚಿದ ದಿನ ಮಾಲೀಕರಿಗಿಂತ ಜಾಸ್ತಿ ಅತ್ತವರೂ ಅವರೇ" ಅಂದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು.

ಆಮೇಲೆ ಪಕ್ಕದ ಜಿಲ್ಲೆ. 1997ರವರೆಗೆ ನಾವೂ ಚಿತ್ರದುರ್ಗ ಜಿಲ್ಲೆಯವರೇ. ಅಲ್ಲಿ ವಿಮಾನಕ್ಕೆ ಸಂಬಂಧಿಸಿದ್ದು ಏನಿದೆ ಅಂತ ಕೇಳಿದರು. ನನ್ನ ಅಜ್ಜಿ ಮನೆ ನಾಯಕನಹಟ್ಟಿ. ಚಳ್ಳಕೆರೆ ತಾಲ್ಲೂಕಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪರೀಕ್ಷಾ ಕೇಂದ್ರ ಅಲ್ಲಿಂದ ದೂರ ಇಲ್ಲ. ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. 2023ರ ಏಪ್ರಿಲ್ 2ರಂದು ಮತ್ತೆ ಮತ್ತೆ ಬಳಸಬಹುದಾದ ಇಸ್ರೋದ ರೆಕ್ಕೆಯ ಉಡಾವಣಾ ವಾಹನವನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು, ಅದು ತಾನೇ ರನ್‌ವೇ ಹುಡುಕಿಕೊಂಡು ಇಳಿಯಿತು. 2024ರಲ್ಲಿ ಮತ್ತೆರಡು ಸಲ. ಮೂರನೆಯದರಲ್ಲಿ ಬೇಕಂತಲೇ ರನ್‌ವೇಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಇಳಿದ ವೇಗ ಗಂಟೆಗೆ 320 ಕಿಲೋಮೀಟರಿಗಿಂತ ಜಾಸ್ತಿ. ಇಷ್ಟನ್ನು ಗಡಗಡ ಹೇಳಿ ಮುಗಿಸಿದೆ. ಖುಷಿಯಾದರು ಅಂದುಕೊಂಡೆ.

"ಆ ಜಾಗ ಮೊದಲು ಏನಾಗಿತ್ತು?"

ಅಮೃತ ಮಹಲ್ ಕಾವಲು. ಹುಲ್ಲುಗಾವಲು. ಸುತ್ತಲ ಹಳ್ಳಿಗಳ ಕುರಿ, ದನ ಮೇಯುತ್ತಿದ್ದದ್ದು ಅಲ್ಲೇ. ಹತ್ತು ಸಾವಿರ ಎಕರೆಯಷ್ಟು ಬೇರೆ ಬೇರೆ ಸಂಸ್ಥೆಗಳಿಗೆ ಹೋಯಿತು, ಹಸಿರು ನ್ಯಾಯಮಂಡಳಿವರೆಗೆ ಕೇಸು ಹತ್ತಿತು. ಇದೆಲ್ಲ ಊರಿನವರಿಗೆ ಗೊತ್ತಿರುವ ವಿಷಯ. "ನೀವು ಅಲ್ಲಿನ ಡಿಸಿ ಅಂತ ಇಟ್ಟುಕೊಳ್ಳಿ. ಬೆಳಗ್ಗೆ ಕುರಿಗಾಹಿಗಳು ಕಚೇರಿ ಮುಂದೆ ಕೂತಿದ್ದಾರೆ. ಮಧ್ಯಾಹ್ನ ದೆಹಲಿಯಿಂದ ಅಧಿಕಾರಿಗಳು ಬರುತ್ತಾರೆ. ಏನು ಮಾಡ್ತೀರಿ?" ನಾನು ಪೈಲಟ್ ಆಗೋಕೆ ಬಂದವಳು. ಒಂದು ನಿಮಿಷ ಸುಮ್ಮನೆ ಕೂತೆ. ಆಮೇಲೆ, ಮೊದಲು ಕುರಿಗಾಹಿಗಳನ್ನು ಒಳಗೆ ಕರೆದು ಕೂರಿಸುತ್ತೇನೆ ಅಂದೆ. ಯಾವ ದಾರಿಯಲ್ಲಿ ಕುರಿ ಹೋಗುತ್ತಿತ್ತು, ನೀರು ಎಲ್ಲಿ ಕುಡಿಯುತ್ತಿತ್ತು ಅಂತ ನಕ್ಷೆ ಮೇಲೆ ಅವರ ಕೈಯಿಂದಲೇ ಗುರುತು ಮಾಡಿಸುತ್ತೇನೆ. ಮಧ್ಯಾಹ್ನ ಅದೇ ನಕ್ಷೆ ಹಿಡಿದು ದೆಹಲಿಯವರ ಹತ್ತಿರ ಮಾತಾಡುತ್ತೇನೆ. ರನ್‌ವೇ ಜಾಗ ಬಿಟ್ಟುಕೊಡಿ ಅನ್ನೋಕೆ ಆಗಲ್ಲ. ನೀರಿಗೆ ಹೋಗುವ ದಾರಿ, ಗೋಡೆಯ ಹೊರಗೆ ಉಳಿದ ಹುಲ್ಲು ಇವನ್ನು ಕೇಳಬಹುದು. "ಕೊಡಲಿಲ್ಲ ಅಂದರೆ?" "ಕೊಡಲಿಲ್ಲ ಅಂತ ಕುರಿಗಾಹಿಗಳಿಗೆ ನಾನೇ ಹೋಗಿ ಹೇಳಬೇಕಾಗುತ್ತೆ ಸರ್. ಕ್ಲರ್ಕ್ ಕೈಲಿ ಹೇಳಿ ಕಳಿಸೋದಲ್ಲ."

ಕೊನೆಗೆ ಮಾಮನ ಪಟ್ಟಿಯೇ ಪ್ರಶ್ನೆಯ ರೂಪದಲ್ಲಿ ಬಂತು. ರಾಯಭಾರಿ ಆಗೋಕೆ ಐಎಫ್‌ಎಸ್ ಅಧಿಕಾರಿಗಳು ಇರುವಾಗ ಅರ್ಜನ್ ಸಿಂಗ್ ಅಂಥವರನ್ನು ಯಾಕೆ ಕಳಿಸಿದರು? ಯುದ್ಧ ನೋಡಿದವರಿಗೆ ಯುದ್ಧದ ಬೆಲೆ ಗೊತ್ತಿರುತ್ತದೆ ಅನ್ನೋ ಉತ್ತರ ಬಾಯಿಗೆ ಬಂದಿತ್ತು, ತುಂಬಾ ಚಂದ ಇದೆ ಅಂತಲೇ ಬಿಟ್ಟೆ. ಅವಸರದಲ್ಲಿ ಸರಿಯಾದ ನಿರ್ಧಾರ ತಗೊಳ್ಳೋದು, ಮೇಲಿನವರಿಗೆ ಇದ್ದದ್ದು ಇದ್ದ ಹಾಗೆ ಹೇಳೋದು, ಎರಡೂ ಪೈಲಟ್‌ಗೆ ಬರಬೇಕು, ರಾಯಭಾರಿಗೂ ಬರಬೇಕು ಅಂದೆ. ಎಲ್ಲ ಪೈಲಟ್‌ಗಳಿಗೂ ಅದು ಒಗ್ಗುತ್ತದೆ ಅಂತ ಅಲ್ಲ ಅಂತಲೂ ಸೇರಿಸಿದೆ. ಒಪ್ಪಿದರೋ ಇಲ್ಲವೋ, ಥ್ಯಾಂಕ್ಸ್ ಹೇಳಿ ಕಳಿಸಿದರು.

ಕಾನ್ಫರೆನ್ಸ್ ದಿನ ಎಲ್ಲ ಅಧಿಕಾರಿಗಳೂ ಸಮವಸ್ತ್ರದಲ್ಲಿ ಅರ್ಧ ವೃತ್ತವಾಗಿ ಕೂತಿರುತ್ತಾರೆ. ಎರಡು ಮಾತು ಕೇಳಿ ಕಳಿಸುತ್ತಾರೆ. ಆಮೇಲೆ ಹೊರಗೆ ಸಾಲಾಗಿ ಕೂರಿಸಿ ಚೆಸ್ಟ್ ನಂಬರ್ ಓದುತ್ತಾರೆ. ಬೆರಳೆಣಿಕೆಯ ನಂಬರ್‌ಗಳಲ್ಲಿ ನನ್ನದು ಇತ್ತು. ಒರಿಸ್ಸಾ ಹುಡುಗಿಯದ್ದೂ ಇತ್ತು.

ಫ್ಲೈಯಿಂಗ್ ಬ್ರಾಂಚಿಗೆ ಇನ್ನೂ ಒಂದು ಬಾಗಿಲು ದಾಟಬೇಕು. ಸಿಪಿಎಸ್‌ಎಸ್, ಅಂದರೆ ಕಂಪ್ಯೂಟರಿನಲ್ಲಿ ನಡೆಯುವ ಪೈಲಟ್ ಆಯ್ಕೆ ಪರೀಕ್ಷೆ. ಜೀವನದಲ್ಲಿ ಒಂದೇ ಅವಕಾಶ. ಫೇಲಾದರೆ ಮತ್ತೆ ಯಾವತ್ತೂ ವಾಯುಪಡೆ ಪೈಲಟ್ ಆಗೋಕೆ ಆಗಲ್ಲ, ಬೇರೆ ಬ್ರಾಂಚಿಗೆ ಹೋಗಬಹುದು. ಕಾಕ್‌ಪಿಟ್‌ನ ಮೀಟರ್‌ಗಳನ್ನು ಓದಿ ವಿಮಾನ ಏರುತ್ತಿದೆಯಾ, ಇಳಿಯುತ್ತಿದೆಯಾ, ಯಾವ ಕಡೆ ವಾಲಿದೆ ಅಂತ ಹೇಳಬೇಕು. ಇನ್ನೊಂದರಲ್ಲಿ ಕೈಯಲ್ಲಿ ಕೋಲು, ಕಾಲಡಿ ಪೆಡಲ್, ಪರದೆ ಮೇಲೆ ಓಡಾಡುವ ಒಂದು ಗುರುತು. ಅದನ್ನು ಹಿಡಿತದಲ್ಲಿ ಇಟ್ಟುಕೊಂಡೇ ನಡುವೆ ದೀಪ ಹೊತ್ತಿದರೂ ಸದ್ದಾದರೂ ಗಮನಿಸಿ ಕೈ ಓಡಿಸಬೇಕು. ಒಳವಿವರ ಬರೆಯೋದು ಸರಿ ಅನಿಸೋದಿಲ್ಲ. ಹೊಲಿಗೆ ಮಷಿನ್ ತುಳಿದು ಬೆಳೆದದ್ದು ಉಪಯೋಗಕ್ಕೆ ಬಂತು ಅಂತ ಅಮ್ಮ ಇವತ್ತಿಗೂ ಹೇಳಿಕೊಳ್ಳುತ್ತಾಳೆ. ಪಾಸಾದೆ. ಒರಿಸ್ಸಾ ಹುಡುಗಿ ಆಗಲಿಲ್ಲ. ಮೈಸೂರು ಸ್ಟೇಷನ್ನಿನಲ್ಲಿ ಅವಳ ಪಕ್ಕ ಕೂತು ನನಗೆ ಏನೂ ಮಾತು ಹೊಳೆಯಲಿಲ್ಲ. ಅವಳೇ ಟೀ ತಂದು ಕೊಟ್ಟಳು.

ಮೆಡಿಕಲ್ ನಡೆದದ್ದು ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. ಗಗನಯಾನಕ್ಕೆ ಆಯ್ಕೆಯಾದ ಪೈಲಟ್‌ಗಳನ್ನು ಪರೀಕ್ಷಿಸಿದ್ದೂ ಅಲ್ಲೇ. ರಕ್ತ, ಇಸಿಜಿ, ಹೊಟ್ಟೆ ಸ್ಕ್ಯಾನ್, ಕಿವಿ, ಹಲ್ಲಿನ ಲೆಕ್ಕ. ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದಾಗ ಅರ್ಧ ದಿನ ಮೊಬೈಲ್ ಓದೋಕೆ ಆಗಲ್ಲ. ಬಣ್ಣ ಗುರುತಿಸುವುದರಲ್ಲಿ ಸಿಪಿ-1 ಬೇಕು, ಅದು ಅತಿ ಕಟ್ಟುನಿಟ್ಟಿನ ಮಟ್ಟ. ಜಾಸ್ತಿ ಜನ ಮನೆಗೆ ಹೋಗೋದು ಬೆನ್ನೆಲುಬಿನ ಎಕ್ಸ್‌ರೇ ನೋಡಿದ ಮೇಲೆ. ಓಡುವವರು, ಆಡುವವರು, ಒಂದು ದಿನ ಬೆನ್ನು ನೋವು ಅಂತ ಅನ್ನದವರು. ಕೆಳಗಿನ ಒಂದು ಮೂಳೆ ಹುಟ್ಟಿನಿಂದಲೇ ಒಂದು ಕಡೆ ಮಾತ್ರ ಅಂಟಿಕೊಂಡಿದ್ದರೆ ಹಾರಾಟಕ್ಕೆ ಅನ್‌ಫಿಟ್. ಎಜೆಕ್ಷನ್ ಸೀಟು ಕೆಳಗಿನಿಂದ ಒದ್ದಾಗ ಆ ಪೆಟ್ಟು ಪೂರ್ತಿ ಬೀಳೋದು ಬೆನ್ನೆಲುಬಿನ ಮೇಲೆ. ಅನ್‌ಫಿಟ್ ಅಂದ ತಕ್ಷಣ ಮುಗಿಯಿತು ಅಂದುಕೊಳ್ಳಬೇಡಿ. ಮೇಲ್ಮನವಿ ಬೋರ್ಡ್ ಇದೆ, 42 ದಿನದೊಳಗೆ ಹೋಗಬೇಕು. ಅಮ್ಮ ಟೇಪಿನಲ್ಲಿ ಅಳೆದಿದ್ದಕ್ಕೂ ಅಲ್ಲಿ ಅಳೆದಿದ್ದಕ್ಕೂ ಅರ್ಧ ಸೆಂಟಿಮೀಟರ್ ವ್ಯತ್ಯಾಸ. ಕಾಗದದ ಮೇಲೆ ಫಿಟ್ ಅಂತ ಬರೆದು ಕೊಟ್ಟರು.

ಆಮೇಲೆ ಕಾಯುವುದು. ಮನೆಗೆ ಬಂದವರೆಲ್ಲ "ಯಾವಾಗ ಜಾಯಿನ್?" ಅನ್ನುವವರೇ. ರೆಕಮೆಂಡ್ ಆದರೆ, ಮೆಡಿಕಲ್ ಪಾಸಾದರೆ ಕೆಲಸ ಸಿಕ್ಕಿತು ಅಂತ ಎಲ್ಲರ ಲೆಕ್ಕ. ಹಾಗಿಲ್ಲ. ಎಎಫ್‌ಕ್ಯಾಟ್ ಮತ್ತು ಎಎಫ್‌ಎಸ್‌ಬಿ ಅಂಕ ಕೂಡಿಸಿ ಇಡೀ ದೇಶಕ್ಕೆ ಒಂದು ಮೆರಿಟ್ ಲಿಸ್ಟ್. ಸೀಟು ಎಷ್ಟೋ ಅಷ್ಟು ಜನರಿಗೆ ಮಾತ್ರ ಪತ್ರ. ಆ ಸಲದ ಲಿಸ್ಟಿನಲ್ಲಿ ನನ್ನ ಹೆಸರು ಇರಲಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಮೆರಿಟ್ ಔಟ್ ಅನ್ನುತ್ತೇವೆ. ಅಪ್ಪಾಜಿ ರಾತ್ರಿ ಊಟಕ್ಕೆ ಕೂತಾಗ "ಫೇಲ್ ಅಂತ ಎಲ್ಲೂ ಬರೆದಿಲ್ಲ ಅಲ್ವಾ?" ಅಂತ ಒಂದೇ ಮಾತು ಕೇಳಿದರು. ಬರೆದಿರಲಿಲ್ಲ. ಮಿಲಿಟರಿ ಮಾಮ ಅಂಕಗಳನ್ನು ನೋಡಿ, ಬೋರ್ಡಿನಲ್ಲಿ ಕಡಿಮೆ ಇಲ್ಲ, ಲಿಖಿತದಲ್ಲಿ ಹೆಚ್ಚು ತರಬೇಕು ಅಂದರು. ಇಂಗ್ಲಿಷ್ ಭಾಗಕ್ಕೆ ದಿನಾ ಒಂದು ಗಂಟೆ ಇಟ್ಟುಕೊಂಡಿದ್ದೇನೆ.

ಸದ್ಯ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ವಯಸ್ಸು ಇನ್ನೊಂದು ಸಲಕ್ಕೆ ಸಾಕು. ಮುಂದಿನ ಎಎಫ್‌ಕ್ಯಾಟ್ ಫಾರ್ಮ್ ತುಂಬಿ ಆಗಿದೆ. ಫ್ಲೈಯಿಂಗ್ ಮೊದಲು, ಟೆಕ್ನಿಕಲ್ ಎರಡನೆಯದು. ಮಾಮ ಹೊಸ ಪಟ್ಟಿ ಕೊಟ್ಟಿದ್ದಾರೆ, ಈ ಸಲ 1965ರ ಯುದ್ಧದಲ್ಲಿ ಮಡಿದ ಪೈಲಟ್, ಕೊಡಗಿನ ಅಜ್ಜಮಾಡ ದೇವಯ್ಯ ಅವರಿಂದ ಶುರು ಮಾಡು ಅಂತ. ಸಿಪಿಎಸ್‌ಎಸ್ ಪಾಸಾಗಿರೋದರಿಂದ ಅದನ್ನು ಮತ್ತೆ ಕೊಡಬೇಕಾಗಿಲ್ಲ. ಉಳಿದದ್ದೆಲ್ಲ ಮೊದಲಿನಿಂದ.